ಕೂಡಿಸಿ ಓದದ ಹುಡುಗಿ

ನಮ್ಮ ಬೀದಿಯ ದಿನಸಿ ಅಂಗಡಿಯ ಪರಮೇಶಿ ನಾನು ಹೋದಾಗಲೆಲ್ಲ "ಏನ್ ಬೇಕು ಮೇಡಂ?" ಎಂದು ಕೇಳುತ್ತಾನೆ. ತೊಗರಿಬೇಳೆಯ ಮೂಟೆಗೆ ಕೈ ಹಾಕಿ ನೋಡಿದರೆ "ಚೆಲ್ಲತ್ತೆ, ಮುಟ್ಬೇಡಿ" ಎಂದು ಮುಖ ಸಿಂಡರಿಸುತ್ತಾನೆ. ಐದು ವರ್ಷದವನಿದ್ದಾಗ ಇವನು ಬಳಪ ತಿನ್ನುತ್ತಿದ್ದ. ಬಾಯಿಗೆ ಬೆರಳು ಹಾಕಿ ತೆಗೆಸಿ, ಕಚ್ಚಿಸಿಕೊಂಡವಳು ನಾನು. 'ರ' ಹೇಳಲು ನಾಲಿಗೆ ಹೊರಳದೆ 'ಲ' ಎನ್ನುತ್ತಿದ್ದವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಬ್ಬರೂ ಮೋಟರ್ ಸೈಕಲ್ ಬಿಟ್ಟ ಹಾಗೆ ರ್‍ರ್‍ರ್ ಎಂದು ಸದ್ದು ಮಾಡುತ್ತಾ ಎಷ್ಟೋ ಮಧ್ಯಾಹ್ನ ಕಳೆದಿದ್ದೇವೆ. ಅವನಿಗೆ ಅದೇನೂ ನೆನಪಿಲ್ಲ. ಅವನ ತಪ್ಪೇನೂ ಇಲ್ಲ ಬಿಡಿ, ಆದರೂ ಬೇಳೆಗೆ ಕೈ ಹಾಕಿದ್ದಕ್ಕೆ ಅವನಿಂದ ಗದರಿಸಿಕೊಂಡ ದಿನ ಮನೆಗೆ ಬಂದು ಅಡುಗೆ ಮಾಡುವ ಮನಸ್ಸಾಗುವುದಿಲ್ಲ.

ನಮ್ಮೂರಿನ ಮಕ್ಕಳೇ ಹಾಗೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವಷ್ಟು ದಿನ ಏನೂ ಆಗುವುದಿಲ್ಲ. ಎರಡೋ ಮೂರೋ ನಾಲ್ಕೋ ಅಕ್ಷರಗಳನ್ನು ತಾವಾಗಿ ಕೂಡಿಸಿ ಒಂದು ಪದ ಓದಿ, ಅದು ಇಂಥದ್ದು ಎಂದು ತಲೆಗೆ ಹೊಳೆಯಿತೋ, ಆ ಗಳಿಗೆಯಲ್ಲಿ ಅಕ್ಷರ ಕಲಿಸಿದವರು ಅವರ ನೆನಪಿನಿಂದ ಹೊರಟುಹೋಗುತ್ತಾರೆ. ಕ್ಲಾಸಿನ ಕಿಟಕಿ ನೆನಪಿರುತ್ತದೆ, ಪಕ್ಕದಲ್ಲಿ ಕೂತು ಜಡೆ ಎಳೆದವಳು ನೆನಪಿರುತ್ತಾಳೆ, ಮಧ್ಯಾಹ್ನದ ಉಪ್ಪಿಟ್ಟಿನಲ್ಲಿ ಸಿಕ್ಕಿದ ಮೆಣಸಿನಕಾಯಿ ಕೂಡ ನೆನಪಿರುತ್ತದೆ. ಕಲಿಸಿದವರು ಕೂತಿದ್ದ ಜಾಗ ಮಾತ್ರ ಖಾಲಿ. ಮೊದಲು ಓದಿದ ಪದ ಮಾತ್ರ ಸಾಯುವವರೆಗೂ ಮರೆಯುವುದಿಲ್ಲ. ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಕ್ಕೆ ಮೊದಲು "ಹುಡುಗೀದು ಮೊದಲ ಪದ ಯಾವ್ದು?" ಎಂದು ಕೇಳುತ್ತಾರೆ. ಊರಿನ ಮುಕ್ಕಾಲು ಪಾಲು ಜನರದು ಗರಗಸ, ಇಲ್ಲವೇ ಸರ. ನಾವು ರ, ಗ, ಸ ಅಕ್ಷರಗಳನ್ನೇ ಮೊದಲು ಕಲಿಸುವುದರಿಂದ ಆ ಪದಗಳೇ ಸುಲಭವಾಗಿ ಕೈಗೆ ಸಿಗುತ್ತವೆ. ನನ್ನ ಪದ ದಸರ.

ಹೀಗಿರುವಾಗ ನಮ್ಮೂರಿನಲ್ಲಿ ಹೆತ್ತವರು ಮಕ್ಕಳಿಗೆ ಅಕ್ಷರ ಕಲಿಸುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕ್ಯಾಲೆಂಡರನ್ನು ಸೂರಿಗೆ ತಾಗುವಷ್ಟು ಎತ್ತರಕ್ಕೆ ನೇತುಹಾಕುತ್ತಾರೆ. ಬಸ್ಸಿನ ಬೋರ್ಡು ತೋರಿಸಿ ಮಗು "ಇದೇನಜ್ಜಿ?" ಎಂದರೆ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಬೇರೆ ಕಡೆ ತಿರುಗುತ್ತಾಳೆ. ಓದು ಬಾರದ ಮಕ್ಕಳ ಎದುರಿಗೆ ಈ ಮರೆವಿನ ಮಾತನ್ನು ಯಾರೂ ಆಡುವುದಿಲ್ಲ. ಅವರಿಗೆ ಕಲಿಸಲೆಂದು ಶಿಶುವಿಹಾರವಿದೆ, ಅಲ್ಲಿ ನಾನಿದ್ದೇನೆ. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. "ನಿನಗೇನಮ್ಮ, ಹಿಂದಿಲ್ಲ ಮುಂದಿಲ್ಲ, ಯಾರು ಮರೆತರೆ ಏನಾಗ್ಬೇಕು?" ಎಂದು ಊರ ಹಿರಿಯರು ಕರೆದು ಕೆಲಸ ಕೊಟ್ಟರು. ಆಗ ನನಗಿನ್ನೂ ಇಪ್ಪತ್ತೆರಡು ವರ್ಷ. ಅದನ್ನು ಹೊಗಳಿಕೆ ಎಂದುಕೊಂಡು ಹೊಸ ಸೀರೆಯುಟ್ಟು ಹೋದೆ. ಅಂದಿನಿಂದ ಊರಿಗೆಲ್ಲ ನಾನು ಅಕ್ಷರದಕ್ಕ. ಬೇರೆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ.

ಜೂನ್ ತಿಂಗಳಲ್ಲಿ ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಳುವವರು, ಒದೆಯುವವರು, ಚಡ್ಡಿ ಒದ್ದೆ ಮಾಡಿಕೊಂಡು ಮೂಲೆ ಹಿಡಿಯುವವರು, ಎಲ್ಲರೂ ನನ್ನವರೇ. 'ಸ' ಹೇಳಿಸಲು ಬಿಸಿ ಹೆಂಚಿಗೆ ನೀರು ಚಿಮುಕಿಸಿದ ಸದ್ದು ಮಾಡುತ್ತೇನೆ, 'ಗ' ಹೇಳಿಸಲು ಅವರ ಪುಟ್ಟ ಕೈಯನ್ನು ನನ್ನ ಗಂಟಲ ಮೇಲೆ ಇಟ್ಟುಕೊಳ್ಳುತ್ತೇನೆ. ಮರಳಿನಲ್ಲಿ ಬೆರಳಾಡಿಸುತ್ತೇವೆ, ಹುಣಸೆಬೀಜ ಜೋಡಿಸುತ್ತೇವೆ. ಬಿಡಿ ಅಕ್ಷರಗಳು ಗಟ್ಟಿಯಾದ ಮೇಲೆ ಜೊತೆಯಾಟ ಶುರು. ಒಬ್ಬಳು ಕೋಣೆಯ ಆ ತುದಿಯಲ್ಲಿ ನಿಂತು 'ಸ' ಆಗುತ್ತಾಳೆ, ಇನ್ನೊಬ್ಬಳು ಈ ತುದಿಯಲ್ಲಿ 'ರ' ಆಗುತ್ತಾಳೆ. ಇಬ್ಬರೂ ಹೇಳಿಕೊಳ್ಳುತ್ತಾ ಹತ್ತಿರ ಬರುತ್ತಾರೆ. ಸ, ರ, ಸ, ರ. ಕೈ ಕೈ ತಾಗಿದಾಗ ಯಾರಿಗಾದರೂ ಒಬ್ಬರಿಗೆ ಹೊಳೆಯುತ್ತದೆ. "ಸರ! ನಮ್ಮಮ್ಮನ ಸರ!" ಎಂದು ಕೂಗುತ್ತಾಳೆ. ಅಷ್ಟರಲ್ಲಿ ಆಯಾ ನಿಂಗಮ್ಮ ಬಾಗಿಲಿಗೆ ಬಂದು ನಿಂತಿರುತ್ತಾಳೆ. ಓದಿದ ಖುಷಿಯಲ್ಲಿ ತಲೆಯೆತ್ತಿದ ಮಗು ಎದುರಿಗೆ ಯಾರೋ ಹೆಂಗಸನ್ನು ಕಂಡು ಹೆದರಬಾರದಲ್ಲ, ಅದಕ್ಕೆ. ನಿಂಗಮ್ಮ ಅದನ್ನು ಎತ್ತಿಕೊಂಡು ಪಡಸಾಲೆ ದಾಟಿ ಆಚೆ ಕೋಣೆಯ ಮೇಷ್ಟ್ರ ಹತ್ತಿರ ಬಿಡುತ್ತಾಳೆ. ಹೀಗೆ ಒಂದೊಂದಾಗಿ ಹೋಗುತ್ತವೆ. ಶಿವರಾತ್ರಿ ಹೊತ್ತಿಗೆ ನನ್ನ ಕೋಣೆಯಲ್ಲಿ ನಾನು, ಮರಳಿನ ತಟ್ಟೆ, ಇಷ್ಟೇ.

ಮರುದಿನ ತಾಯಿ ತಂದೆ ಮಗುವನ್ನು ತಲೆ ಬಾಚಿ ಕರೆದುಕೊಂಡು ಬರುತ್ತಾರೆ. ಎಲೆ ಅಡಿಕೆ, ಎರಡು ಬಾಳೆಹಣ್ಣು. ನಮ್ಮಲ್ಲಿ ಅದಕ್ಕೆ ಗುರುತು ಹೇಳುವುದು ಎನ್ನುತ್ತಾರೆ. "ಇವ್ರು ಅಕ್ಷರದಕ್ಕ, ನಮಸ್ಕಾರ ಮಾಡು" ಎಂದು ತಾಯಿ ಬೆನ್ನು ತಟ್ಟುತ್ತಾಳೆ. ಹಿಂದಿನ ದಿನ ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡ ಮಗು ತಾಯಿಯ ಹಿಂದೆ ಅಡಗಿಕೊಂಡು ಅಲ್ಲಿಂದಲೇ ಕೈ ಮುಗಿಯುತ್ತದೆ. "ಒಳ್ಳೇದಾಗಲಿ" ಎನ್ನುತ್ತೇನೆ. ಬಾಳೆಹಣ್ಣು ಹೆಚ್ಚಾಗಿ ರಸಾಯನ ಮಾಡಿ, ಅದೂ ಹೆಚ್ಚಾಗಿ, ನಿಂಗಮ್ಮನ ಮನೆಗೆ ಕಳಿಸುತ್ತೇನೆ. ಊರಿನ ಅರ್ಧಕ್ಕರ್ಧ ಜನರ ಬಾಲ್ಯ ನನ್ನೊಬ್ಬಳ ತಲೆಯಲ್ಲಿದೆ. ಯಾರ ಬೆನ್ನಿನ ಮೇಲೆ ಮಚ್ಚೆ, ಯಾರಿಗೆ ಗುಡುಗೆಂದರೆ ಭಯ, ಯಾರು ನಿದ್ದೆಯಲ್ಲಿ ನಗುತ್ತಿದ್ದರು, ಎಲ್ಲ ಗೊತ್ತು. ಹೇಳೋಣವೆಂದರೆ ಕೇಳುವವರಿಗೆ ಮುಜುಗರ.

ಇಂಥ ಊರಿಗೆ ಶಾಂಭವಿ ಹೊರಗಿನಿಂದ ಸೊಸೆಯಾಗಿ ಬಂದಳು. ಗಂಡ ಮಾದೇಶ ಪೇಂಟರು, ಊರಿನ ಅಂಗಡಿಗಳ ಬೋರ್ಡುಗಳನ್ನೆಲ್ಲ ಬರೆಯುವವನು. ಶಾಂಭವಿ ಓದಿಕೊಂಡವಳು. ಊರವರು ಹೇಳಿದ್ದನ್ನು ಕೇಳಿ ನಕ್ಕುಬಿಟ್ಟಳು. ದೊಡ್ಡ ಮಗಳು ನೀಲಾಳನ್ನು ನನ್ನ ಹತ್ತಿರ ಕಳಿಸದೆ, ಗಂಡ ಬೇಡವೆಂದರೂ ಕೇಳದೆ, ಮನೆಯಲ್ಲೇ ಕೂರಿಸಿಕೊಂಡು ಕಲಿಸಿದಳು. ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀಲಾಳಿಗೆ ಈಗ ಹನ್ನೆರಡು ವರ್ಷ. ಎಲ್ಲರೂ ಹೇಳಿಕೊಟ್ಟ ಮೇಲೆ ಶಾಂಭವಿಯನ್ನು ಅಮ್ಮ ಎಂದು ಕರೆಯುತ್ತಾಳೆ, ನೀರು ತಂದುಕೊಡುತ್ತಾಳೆ, ಎದುರು ಮಾತಾಡುವುದಿಲ್ಲ. ಬೇರೆಯವರ ಮನೆಯಲ್ಲಿ ಉಳಿದುಕೊಂಡ ಮಕ್ಕಳು ಎಷ್ಟು ಸಭ್ಯವಾಗಿರುತ್ತವೋ ಅಷ್ಟು ಸಭ್ಯವಾಗಿದ್ದಾಳೆ. ಎರಡನೆಯವಳು ಕುಮುದಾಳನ್ನು ಶಾಂಭವಿ ತಾನೇ ಕೈಹಿಡಿದು ತಂದು ನನ್ನ ಕೋಣೆಯೊಳಗೆ ಬಿಟ್ಟು, ಹಿಂದೆ ತಿರುಗಿ ನೋಡದೆ ಹೋದಳು.

ಕುಮುದ ಚೂಟಿ. ತಂದೆಯ ಬಣ್ಣದ ಡಬ್ಬಗಳ ನಡುವೆ ಬೆಳೆದವಳು. ಅಕ್ಷರಗಳ ಅಂಕುಡೊಂಕು ಅವಳ ಕೈಗೆ ಮೊದಲೇ ಒಗ್ಗಿತ್ತು, ಸದ್ದು ಮಾತ್ರ ಗೊತ್ತಿರಲಿಲ್ಲ. ದೀಪಾವಳಿಯೊಳಗೆ ಓದಿಬಿಡುತ್ತಾಳೆ ಎಂದುಕೊಂಡಿದ್ದೆ. ಆದರೆ ದೀಪಾವಳಿಗೆ ಮೊದಲೇ ಒಂದು ದಿನ ಸ್ಲೇಟಿನ ಮೇಲೆ 'ಸರ' ಬರೆದು ಮುಂದಿಟ್ಟಾಗ, 'ಸ' ಎಂದವಳು ಪಕ್ಕದ ಅಕ್ಷರದ ಮೇಲೆ ಅಂಗೈ ಮುಚ್ಚಿಬಿಟ್ಟಳು.

"ಇದೊಂದೇ ಹೇಳ್ತೀನಿ."

"ಅದನ್ನೂ ಹೇಳು, ಬರತ್ತಲ್ಲ ನಿಂಗೆ."

"ಕೂಡ್ಸಲ್ಲ. ಕೂಡ್ಸಿದ್ರೆ ನೀವು ಹೋಗ್ಬಿಡ್ತೀರಂತೆ."

"ನಾನೆಲ್ಲಿಗೆ ಹೋಗ್ತೀನೇ? ಇಲ್ಲೇ ಇರ್ತೀನಿ."

"ನಂಗೆ ಹೋಗ್ಬಿಡ್ತೀರಿ," ಎಂದಳು.

ಮನೆಯಲ್ಲಿ ನೀಲಾಳಿಗೂ ತಾಯಿಗೂ ಅಪರೂಪಕ್ಕೆ ಜಗಳವಾಗಿತ್ತು. "ಎಲ್ರೂ ಹೇಳಿದ್ರು ಅಂತ ನಿನ್ನ ಅಮ್ಮ ಅಂತೀನಿ ಅಷ್ಟೇ" ಎಂದು ನೀಲಾ ಹೇಳಿದಳಂತೆ. ಕುಮುದ ಅದನ್ನು ಹಿಡಿದುಕೊಂಡು ಅಪ್ಪನ ಜೀವ ತಿಂದು ಎಲ್ಲ ಹೇಳಿಸಿದ್ದಳು. ಊರು ಇಷ್ಟು ವರ್ಷ ಮಕ್ಕಳ ಕಿವಿಗೆ ಬೀಳದಂತೆ ಕಾಪಾಡಿಕೊಂಡು ಬಂದ ಮಾತು, ಒಂದು ಮಧ್ಯಾಹ್ನದ ಜಗಳದಲ್ಲಿ ಹೊರಗೆ ಬಿತ್ತು.

ನನಗೆ ಖುಷಿಯಾಯಿತು. ಆಗಬಾರದಿತ್ತು, ಆಯಿತು. ನನ್ನನ್ನು ಕಳೆದುಕೊಳ್ಳಬಾರದೆಂದು ಹಟ ಹಿಡಿದವರು ಈ ಭೂಮಿಯ ಮೇಲೆ ಅವಳೊಬ್ಬಳೇ.

ಉಳಿದ ಮಕ್ಕಳು ಓದಿ ಓದಿ ಆಚೆ ಕೋಣೆಗೆ ಹೋದರು. ಶಿವರಾತ್ರಿಯ ನಂತರ ನಾವಿಬ್ಬರೇ ಉಳಿದೆವು. ಕಲಿಸಲು ಬೇರೇನೂ ಇಲ್ಲದೆ ಅವಳಿಗೆ ಕಾಗುಣಿತ ಕಲಿಸಿದೆ. ಅದೂ ಮುಗಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ಹೇಳಿಕೊಟ್ಟೆ. ಆ ವಯಸ್ಸಿನ ಮಕ್ಕಳು ಮುಟ್ಟದ ಅಕ್ಷರಗಳನ್ನೆಲ್ಲ ಗಿಳಿಯ ಹಾಗೆ ಒಪ್ಪಿಸುತ್ತಿದ್ದಳು, ಒಂದರ ಪಕ್ಕ ಒಂದು ಇಟ್ಟರೆ ಮಾತ್ರ ಕೈ ಮುಚ್ಚುತ್ತಿದ್ದಳು. ಜೊತೆಯಾಟವನ್ನು ನಾವೇ ಆಡುತ್ತಿದ್ದೆವು. ಅವಳು ಆ ಗೋಡೆಯಿಂದ 'ಸ', ನಾನು ಈ ಗೋಡೆಯಿಂದ 'ರ'. ಹತ್ತಿರ ಬರುತ್ತಾ ಬರುತ್ತಾ, ಕೈ ತಾಗುವುದಕ್ಕೆ ಒಂದು ಗೇಣು ಇರುವಾಗ ಅವಳು ಕಿಲಕಿಲ ನಗುತ್ತಾ ಹಿಂದಕ್ಕೆ ಓಡುತ್ತಿದ್ದಳು. ನನ್ನ ಊಟದ ಡಬ್ಬಿ ಎರಡು ಪಾಲಾಯಿತು. "ನಿನ್ನೆ ತಲೆನೋವು ಅಂದ್ರಲ್ಲ, ಹೋಯ್ತಾ?" ಎಂದು ಕೇಳುತ್ತಿದ್ದಳು. ನಿನ್ನೆ ನಾನು ಹೇಳಿದ್ದು ಇವತ್ತು ಇನ್ನೊಬ್ಬರಿಗೆ ನೆನಪಿರುವುದು ಎಷ್ಟು ದೊಡ್ಡ ಸುಖವೆಂದು ಮನೆ ತುಂಬ ಜನರಿರುವವರಿಗೆ ತಿಳಿಯಲಾರದು. ಸಂಜೆ ಮನೆಗೆ ಹೋಗಿ ಬೀಗ ತೆಗೆಯುವಾಗ, ನಾಳೆ ಅವಳಿಗೆ ಹೇಳಲು ಏನಾದರೊಂದು ಸಮಾಚಾರ ಹುಡುಕಿಟ್ಟುಕೊಳ್ಳುತ್ತಿದ್ದೆ.

ಆದರೆ ಊರೆಂದಮೇಲೆ ಅಕ್ಷರಗಳು ಶಾಲೆಯಲ್ಲಷ್ಟೇ ಇರುತ್ತವೆಯೇ? ಅವಳ ಅಪ್ಪನೇ ಬೀದಿಯುದ್ದಕ್ಕೂ ಬರೆದಿಟ್ಟಿದ್ದ. ಎಲ್ಲಿ ಕಣ್ಣು ಜಾರಿ ಎರಡು ಅಕ್ಷರ ಕೂಡಿಕೊಂಡುಬಿಡುತ್ತವೋ ಎಂದು ಅವಳು ರಸ್ತೆಯಲ್ಲಿ ತಲೆ ಬಗ್ಗಿಸಿ ನಡೆಯತೊಡಗಿದಳು. ನೆಲದ ಮೇಲೆ ಬಿದ್ದ ಚಾಕಲೇಟು ಕಾಗದದ ಮೇಲೂ ಅಕ್ಷರ ಕಂಡ ಮೇಲೆ ಕಣ್ಣು ಮುಚ್ಚಿಯೇ ನಡೆಯತೊಡಗಿದಳು. ಆಚೆ ಕೋಣೆಯ ಮಕ್ಕಳು "ಕುರುಡಿ, ದಡ್ಡಿ" ಎಂದು ಹಿಂದೆ ಬಿದ್ದರು. ಒಂದು ದಿನ ಶಾಲೆಗೆ ಬರುವಾಗ ಗಿರಣಿಯ ಮುಂದಿನ ಚರಂಡಿಗೆ ಬಿದ್ದು ಗಲ್ಲ ಒಡೆದುಕೊಂಡಳು. ಹೊಲಿಗೆ ಹಾಕಿಸಿ ಬಂದರು.

ಆ ಮಧ್ಯಾಹ್ನ ಶಾಂಭವಿ ನನ್ನ ಖಾಲಿ ಕೋಣೆಗೆ ಬಂದು, ಮಕ್ಕಳ ಮಣೆಯ ಮೇಲೆ ಮೊಣಕಾಲು ಮಡಿಸಿ ಕೂತಳು. ಅವಳ ಸೀರೆಯ ಅಂಚಿಗೆ ರಕ್ತದ ಕಲೆಯಿತ್ತು.

"ಅಕ್ಕಾ, ದೊಡ್ಡೋಳು ನನ್ನ ಮರೆತ್ಳು. ತಪ್ಪು ನಂದೇ, ಯಾರ ಮಾತೂ ಕೇಳ್ಲಿಲ್ಲ. ಈಗ ಚಿಕ್ಕೋಳು ನಿಮ್ಮನ್ನ ಮರೆಯಲ್ಲ ಅಂತ ಕಣ್ಣು ಮುಚ್ಕೊಂಡು ಓಡಾಡ್ತಾಳೆ. ನಾನು ಯಾವುದಕ್ಕೆ ಅಳ್ಬೇಕು ಹೇಳಿ."

ನಾನು ನೀರಿನ ಲೋಟ ತಂದು ಅವಳ ಮುಂದಿಟ್ಟೆ. ಅವಳೇ ಮುಂದುವರಿಸಿದಳು.

"ನೀಲಾ ಓದಿದ್ ದಿನ ಒಲೆ ಮೇಲೆ ಹಾಲಿತ್ತು. ಓದಿ, ತಲೆಯೆತ್ತಿ, 'ನೀವ್ಯಾರು ಆಂಟಿ?' ಅಂದ್ಲು. ಹಾಲು ಉಕ್ತಿತ್ತು, ಹೋಗಿ ಇಳಿಸ್ದೆ. ವಾಪಸ್ ಬಂದು 'ನಿಮ್ಮಮ್ಮ' ಅಂದೆ. 'ಹೌದಾ?' ಅಂದ್ಲು. ಅಷ್ಟೇ. ನೀವು ವರ್ಷಾ ವರ್ಷಾ ಹೇಗ್ ತಡ್ಕೋತೀರಕ್ಕ?"

"ಸಂಬಳ ಕೊಡ್ತಾರಲ್ಲ," ಎಂದೆ. ಇಬ್ಬರಿಗೂ ನಗು ಬರಲಿಲ್ಲ.

"ರಜಾ ಬರೋದ್ರೊಳಗೆ ಅವಳಿಗೆ ಓದ್ಸಿ. ಇವತ್ತು ಗಲ್ಲ, ನಾಳೆ ಲಾರಿ ಕೆಳಗೆ ಹೋಗ್ತಾಳೆ. ಸುಳ್ಳು ಹೇಳಿ ಓದಿಸಿದ್ರೂ ಸರಿ, ಹೊಡೆದು ಓದಿಸಿದ್ರೂ ಸರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಇನ್ನೊಂದು ವರ್ಷ ಇರಲಿ ಬಿಡಿ, ಚಿಕ್ಕ ಮಗು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಸೀರೆಯ ಅಂಚನ್ನು ನೋಡಿ ನುಂಗಿಕೊಂಡೆ.

ಶನಿವಾರ ಸಂಜೆ ಚೆಲುವಾಜಮ್ಮನವರ ಮನೆಗೆ ಹೋದೆ. ನನಗಿಂತ ಮುಂಚೆ ಊರಿಗೆ ಅಕ್ಷರ ಕಲಿಸುತ್ತಿದ್ದವರು ಅವರು. ಈಗ ಕಣ್ಣು ಮಂಜು, ಒಬ್ಬರೇ ಇದ್ದಾರೆ. ಕೆಲಸ ವಹಿಸಿಕೊಂಡಾಗಿನಿಂದ ಶನಿವಾರ ಶನಿವಾರ ಅವರಿಗೆ ಇಡ್ಲಿ ಮಾಡಿ ಒಯ್ಯುವುದು ನನ್ನ ರೂಢಿ. ನನಗೂ ಅವರೇ ಕಲಿಸಿರಬೇಕು, ಆಗ ಊರಿಗಿದ್ದವರು ಅವರೊಬ್ಬರೇ. ಆದರೆ ಅದು ತಿಳಿದ ಸಂಗತಿಯೇ ಹೊರತು ನೆನಪಲ್ಲ. ಕಲಿಸಿದವರನ್ನು ಆ ವಿಷಯ ಕೇಳುವುದು ನಮ್ಮಲ್ಲಿ ಸಭ್ಯತೆಯೂ ಅಲ್ಲ. ಹವಾಮಾನ, ಮೊಣಕಾಲು ನೋವು, ಚಟ್ನಿಗೆ ಉಪ್ಪು, ಇಷ್ಟರಲ್ಲೇ ನಮ್ಮ ಮಾತು ಮುಗಿಯುತ್ತಿತ್ತು. ಅಂದು ಕುಮುದಾಳ ಸಂಗತಿ ಹೇಳಿ, ಓದುವುದಿಲ್ಲವೆಂದು ಹಟ ಹಿಡಿದ ಮಗುವಿಗೆ ಏನು ಮಾಡಬೇಕೆಂದು ಕೇಳಿದೆ.

ಅವರು ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು.

"ನಂಗೂ ಒಬ್ಳಿದ್ಲು ಕಣೆ ಹಂಗೇ. ಅದ್ಯಾರ್ ಹೇಳಿದ್ರೋ, ಹೆಂಗ್ ಗೊತ್ತಾಯ್ತೋ. ಓದಲ್ಲ ಅಂದ್ರೆ ಓದಲ್ಲ. ನನ್ನ ಸೆರಗಿನ ತುದೀನ ಅವಳ ಲಂಗದ ದಾರಕ್ಕೆ ಗಂಟು ಹಾಕ್ಕೊಂಡು ಕೂತಿರೋಳು."

"ಆಮೇಲೆ?"

"ಆಮೇಲೇನು, ಎಷ್ಟು ದಿನ ಅಂತ ಇಟ್ಕೊಳಕ್ಕಾಗತ್ತೆ? ಒಂದಿನ ಗಂಟು ಬಿಚ್ಚಿ ತಳ್ಳಿದೆ. ನೀನಂದ್ರೆ ನಂಗೆ ಆಗಲ್ಲ, ನಿನ್ ಮುಖ ಕಂಡ್ರೆ ಆಗಲ್ಲ ಅಂದೆ. ಪದ ಬರ್ದು ಸ್ಲೇಟು ಬಿಸಾಕ್ದೆ. ಅತ್ಕೊಂಡು, ಬಿಕ್ಕಿ ಬಿಕ್ಕಿ, ಸಿಟ್ಟಲ್ಲಿ ಓದ್ಬಿಟ್ಲು. ದಸರ ಅಂತ."

ಕೈಯಲ್ಲಿದ್ದ ನೀರಿನ ಚೊಂಬನ್ನು ಕೆಳಗಿಟ್ಟೆ. ಊರಿನಲ್ಲಿ ದಸರ ಮೊದಲ ಪದವಾಗಿರುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

"ಓದ್ಲೇಬೇಕಿತ್ತು, ಓದಿದ್ಲು. ಮರೀಲೇಬೇಕಿತ್ತು, ಮರೆತ್ಲು. ಅದಕ್ಕೆ ನಂಗೆ ಬೇಜಾರಿಲ್ಲ," ಎಂದರು ಚೆಲುವಾಜಮ್ಮ, ನನ್ನತ್ತ ನೋಡದೆ. "ಆದ್ರೆ ಕೊನೇ ಮಾತು ಒಳ್ಳೇದು ಆಡ್ಬೇಕಿತ್ತು. ಅವಳಿಗೋಸ್ಕರ ಅಲ್ಲ, ಅವಳಿಗೇನು ನೆನಪಿರತ್ತೆ? ನಂಗೆ ಇಟ್ಕೊಳಕ್ಕೆ. ಒಬ್ಬಳೇ ಕೂತಾಗ ಅದೇ ಮಾತು ಕೇಳ್ಸತ್ತೆ. ನೀನು ಹಂಗ್ ಮಾಡ್ಬೇಡ."

ನನಗೆ ಅಳು ಬಂತು. ನೆನಪಿನಲ್ಲೇ ಇಲ್ಲದ ಒಂದು ಸೆರಗಿಗಾಗಿ, ಒಂದು ಗಂಟಿಗಾಗಿ ಅತ್ತೆ. ಅವರ ಪಾದ ಹಿಡಿದುಕೊಂಡೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಇಡ್ಲಿ ಮೆತ್ತಗಾಗಿದೆ ಕಣೆ ಈ ಸಲ," ಎಂದರು.

ಸೋಮವಾರ ಬೆಳಿಗ್ಗೆ ಕುಮುದ ಗಲ್ಲಕ್ಕೆ ಪಟ್ಟಿ ಹಾಕಿಕೊಂಡು ಬಂದಳು. ನಿಂಗಮ್ಮನಿಗೆ ಬಾಗಿಲ ಹತ್ತಿರ ಇರಲು ಹೇಳಿ, ನಾನು ಅವಳನ್ನು ಎದುರಿಗೆ ಕೂರಿಸಿಕೊಂಡೆ.

"ನೋಡು ಕುಮುದ, ನಿಂಗೆ ಸುಳ್ಳು ಹೇಳಲ್ಲ. ಓದಿದ್ರೆ ನೀನು ನನ್ನ ಮರೀತೀಯ. ಅದು ನಿಜ. ಆದ್ರೆ ಓದ್ದೆ ಇದ್ರೆ ಹೀಗೇ ಬೀಳ್ತಾ ಏಳ್ತಾ ಇರ್ತೀಯ. ಅದನ್ನ ನೋಡಕ್ಕೆ ನನ್ನ ಕೈಲಾಗಲ್ಲ."

"ಮರೆತ್ರೆ ನಿಮಗೆ ಅಳು ಬರಲ್ವಾ?"

"ಬರತ್ತೆ."

"ಮತ್ತೆ?"

"ಅತ್ತು, ಮುಖ ತೊಳ್ಕೋತೀನಿ. ನೀನು ಮರೀತೀಯ ಕಣೆ, ನಾನು ಮರೆಯಲ್ಲ. ನೀನು ಚಿತ್ರಾನ್ನದಲ್ಲಿ ಕಡಲೆಬೀಜ ಮಾತ್ರ ಆರಿಸಿ ತಿಂದಿದ್ದು, ನನ್ನ ತಲೆನೋವು ಕೇಳಿದ್ದು, ಎಲ್ಲ ನನ್ನ ಹತ್ರ ಇರತ್ತೆ. ಇಬ್ರಲ್ಲಿ ಒಬ್ರಿಗೆ ನೆನಪಿದ್ರೆ ಅದು ಎಲ್ಲೂ ಹೋಗಲ್ಲ."

ಅವಳು ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಗುಂಡಿ ತೋಡಿದಳು, ಮುಚ್ಚಿದಳು.

"ಮೊದಲನೇ ಪದ ಮರೆಯಲ್ಲ ಅಲ್ವಾ?"

"ಮರೆಯಲ್ಲ. ಯಾರೂ ಮರೆತಿಲ್ಲ."

"ನಿಮ್ಮ ಹೆಸ್ರೇನು? ಅಕ್ಷರದಕ್ಕ ಅಲ್ಲ, ನಿಜವಾದ್ದು."

"ನನ್ನ ಹೆಸ್ರು ಉದ್ದ ಇದೆ, ಕಷ್ಟ ಇದೆ. ಮೊದಲನೇ ಸಲ ಓದೋವ್ರಿಗೆ ಬರಲ್ಲ," ಎಂದೆ.

"ಹೇಳ್ಬೇಡಿ ಹಂಗಾದ್ರೆ, ನಾನೇ ಓದ್ಬೇಕು. ಬರೀರಿ. ಬೇರೆ ಬರೆದ್ರೆ ಓದಲ್ಲ."

ಸ್ಲೇಟು ಒರೆಸಿದೆ. ಎರಡು ಸಲ ಬಳಪ ಮುರಿಯಿತು. ದೊಡ್ಡದಾಗಿ, ಬಿಡಿಸಿ ಬಿಡಿಸಿ ಬರೆದು ಅವಳ ಮುಂದಿಟ್ಟೆ. ಅವಳು ತಕ್ಷಣ ನೋಡಲಿಲ್ಲ. ಎದ್ದು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದು, ಪಟ್ಟಿ ಹಾಕಿದ ಗಲ್ಲವನ್ನು ನನ್ನ ಭುಜಕ್ಕೆ ಒತ್ತಿಕೊಂಡಳು. ನೋವಾಗಿರಬೇಕು, ಆದರೂ ಬಿಡಲಿಲ್ಲ.

"ನೀನಂದ್ರೆ ನಂಗೆ ತುಂಬ ಇಷ್ಟ ಕಣೆ," ಎಂದೆ. ಹಾಗೆ ಅಂದಿದ್ದಕ್ಕೆ ಇವತ್ತಿಗೂ ನೆಮ್ಮದಿಯಿದೆ.

"ಗೊತ್ತು," ಎಂದಳು. ಮತ್ತೆ ಮಣೆಯ ಮೇಲೆ ಕೂತು, ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟಳು.

"ಭ್ರ," ಎಂದಳು. ಒತ್ತಕ್ಷರ ಕಲಿತದ್ದು ಉಪಯೋಗಕ್ಕೆ ಬಂತು. "ಮ." ಬೆರಳು ಸರಿಯಿತು. "ರಾ. ರಾಂ." ಕತ್ತೆತ್ತಿ ನನ್ನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದಳು. ಬಾಯಿಪಾಠ ಮಾಡುವವರ ಹಾಗೆ ಹಣೆಯಿಂದ ಗದ್ದದವರೆಗೆ ನೋಡಿ, ಮತ್ತೆ ತಲೆ ತಗ್ಗಿಸಿದಳು. "ಬ."

ಬಿಡಿ ಅಕ್ಷರಗಳನ್ನು ತುಟಿಯಲ್ಲೇ ಎರಡು ಸಲ ಓಡಿಸಿದಳು. ಮೂರನೆಯ ಸಲ ಕಣ್ಣರಳಿತು.

"ಭ್ರಮರಾಂಬ!" ಎಂದು ಕೂಗಿದಳು. "ಭ್ರಮರಾಂಬ! ನಾನು ಓದ್ದೆ!"

ನಗುತ್ತಲೇ ತಲೆಯೆತ್ತಿದಳು. ನನ್ನನ್ನು ಕಂಡು ನಗು ಸ್ವಲ್ಪ ಸಣ್ಣದಾಯಿತು, ಮಣೆಯ ಮೇಲೆ ನೆಟ್ಟಗೆ ಕೂತುಕೊಂಡಳು.

"ಭ್ರಮರಾಂಬ ಅಂದ್ರೆ ಯಾರು ಆಂಟಿ?" ಎಂದು ಮೆಲ್ಲಗೆ ಕೇಳಿದಳು.

ನಿಂಗಮ್ಮ ಬಂದು ಎತ್ತಿಕೊಂಡು ಹೋದಳು. ನಾನು ಹೇಳಿದ ಹಾಗೇ ಮಾಡಿದೆ. ಅತ್ತು, ಮುಖ ತೊಳೆದುಕೊಂಡೆ.

ಮರುದಿನ ಶಾಂಭವಿ ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಅವಳನ್ನು ಕರೆತಂದಳು. ದಾರಿಯುದ್ದಕ್ಕೂ ಅಪ್ಪ ಬರೆದ ಬೋರ್ಡುಗಳನ್ನು ಓದಿಕೊಂಡೇ ಬಂದಳಂತೆ, ಒಂದನ್ನೂ ಬಿಡಲಿಲ್ಲವಂತೆ. ಶಾಂಭವಿಯ ಕಣ್ಣು ಊದಿಕೊಂಡಿತ್ತು. ಕುಮುದ ತಾಯಿಯ ಹಿಂದೆ ಅಡಗಲಿಲ್ಲ. ಆ ಪದ ಇವರ ಹೆಸರೆಂದು ತಾಯಿ ಹೇಳಿದ ಮೇಲೆ ಅಚ್ಚುಕಟ್ಟಾಗಿ ನಮಸ್ಕಾರ ಮಾಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ರಿಗೂ ಗರಗಸ, ಸರ ಬರ್ಕೊಟ್ರಂತೆ. ನಂಗ್ಯಾಕೆ ನಿಮ್ಮ ಹೆಸ್ರು ಬರ್ಕೊಟ್ರಿ?"

"ನೀನೇ ಕೇಳ್ದೆ."

"ನಾನಾ?" ಎಂದು ನಕ್ಕುಬಿಟ್ಟಳು. "ನಂಗೆ ನೀವು ಗೊತ್ತೇ ಇಲ್ವಲ್ಲ!"

ಶಾಂಭವಿ ಏನೋ ಹೇಳಲು ಹೋದಳು. ಬೇಡವೆಂದು ಕಣ್ಣಲ್ಲೇ ತಡೆದೆ. ಹಣ್ಣು ಕೊಟ್ಟು, ನಾಲ್ಕು ಮಾತಾಡಿ ಅವರು ಹೊರಟರು. ಅಂಗಳ ದಾಟುವಾಗ ಕುಮುದ ಹಿಂದೆ ತಿರುಗಿ, ಇಷ್ಟು ವರ್ಷಗಳಲ್ಲಿ ಊರಿನ ಯಾರೂ ಕರೆಯದ ಹಾಗೆ, ಅಕ್ಕ ಎನ್ನದೆ, ಅವರು ಇವರು ಎನ್ನದೆ, ಪದವೊಂದನ್ನು ಓದುವ ಹಾಗೆ ಸ್ಪಷ್ಟವಾಗಿ ಕರೆದಳು.

"ಹೋಗ್ಬರ್ತೀನಿ, ಭ್ರಮರಾಂಬ!"

"ಏಯ್, ದೊಡ್ಡೋರನ್ನ ಹಂಗೆ ಹೆಸ್ರು ಹಿಡ್ದು ಕರೀಬಾರ್ದು," ಎಂದು ಶಾಂಭವಿ ಅವಳ ಕೈ ಜಗ್ಗಿದಳು.

"ಕರೀಲಿ ಬಿಡು ಶಾಂಭವಿ," ಎಂದೆ. "ಅವಳು ಕರೀಲಿ."